ಹೊಸ ಊರು ಕಾಲಿಗೆ ಸಿಕ್ಕಬೇಕು

ಪಿಯುಸಿ ಫಲಿತಾಂಶ ಬಂದು ಕಾಲೇಜುಗಳಲ್ಲಿ ಪ್ರವೇಶ ಶುರುವಾಯಿತೆಂದರೆ ನನ್ನಂಥ ಹೈಸ್ಕೂಲು ಮೇಷ್ಟ್ರ ಮನೆಯ ಜಗಲಿಗೆ ಕಳೆ ಬರುತ್ತದೆ. ಎರಡು ವರ್ಷದ ಹಿಂದೆ ಎಸ್ಸೆಸ್ಸೆಲ್ಸಿ ಮುಗಿಸಿ ಹೋದ ಮಕ್ಕಳ ತಂದೆತಾಯಂದಿರು ಒಬ್ಬೊಬ್ಬರಾಗಿ ಬರುತ್ತಾರೆ. ಹಾಸ್ಟೆಲ್ಲಿನಲ್ಲಿ ಊಟ ಹೇಗಿರುತ್ತದೆ, ಶುಲ್ಕವನ್ನು ಕಂತಿನಲ್ಲಿ ಕಟ್ಟಬಹುದೇ, ಯಾವ ವಿಷಯ ತೆಗೆದುಕೊಂಡರೆ ಮುಂದೆ ಕೆಲಸ ಸಿಕ್ಕೀತು? ಕೇಳುವುದೆಲ್ಲ ನ್ಯಾಯವಾದ ಪ್ರಶ್ನೆಗಳೇ. ಆದರೆ ಇಷ್ಟು ವರ್ಷಗಳಲ್ಲಿ ಒಬ್ಬರಾದರೂ ‘ಮೇಷ್ಟ್ರೇ, ಮಗು ಆ ಊರನ್ನು ಪರಿಚಯ ಮಾಡಿಕೊಳ್ಳೋದು ಹೇಗೆ?’ ಎಂದು ಕೇಳಿದ್ದಿಲ್ಲ. ಮಗು ಮೂರು ವರ್ಷ ಇರುವುದು ಬರೀ ಕಾಲೇಜಿನಲ್ಲಲ್ಲ, ಒಂದು ಊರಿನಲ್ಲಿ ಎಂಬುದು ನಮಗೆ ಮರೆತೇ ಹೋಗುತ್ತದೆ.

ಇದರ ಫಲವನ್ನು ನಾನು ಕಂಡಿದ್ದೇನೆ. ವರ್ಷ ತುಂಬಿದರೂ ಎಷ್ಟೋ ಮಕ್ಕಳಿಗೆ ಗೊತ್ತಿರುವುದು ಮೂರೇ ಜಾಗ: ಹಾಸ್ಟೆಲ್, ಕಾಲೇಜು, ಬಸ್ ನಿಲ್ದಾಣ. ಇವುಗಳ ನಡುವೆ ಆಟೊ. ಊರು ಎಂದರೆ ಆಟೊದ ಪಕ್ಕದಲ್ಲಿ ಹಿಂದಕ್ಕೆ ಓಡುವ ಅಂಗಡಿ ಸಾಲು, ಅಷ್ಟೆ. ಅಂಕಗಳಲ್ಲಿ ಸದಾ ಮುಂದಿದ್ದ ನನ್ನ ಶಿಷ್ಯನೊಬ್ಬ ಮೊದಲ ಸೆಮಿಸ್ಟರ್ ಮುಗಿಯುವ ಮುಂಚೆಯೇ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಂದುಬಿಟ್ಟ. ಪಾಠ ಕಷ್ಟವಾಯಿತೇನೋ ಎಂದು ವಿಚಾರಿಸಿದೆ. ‘ಪಾಠ ಏನೂ ಕಷ್ಟ ಇರ್ಲಿಲ್ಲ ಸಾರ್. ಅಲ್ಲಿ ಯಾವುದು ಎಲ್ಲಿದೆ ಅಂತಾನೇ ಗೊತ್ತಾಗ್ತಿರ್ಲಿಲ್ಲ. ಸಂಜೆಯಾದ್ರೆ ಎದೆ ಡವಡವ ಅನ್ನೋದು’ ಎಂದ. ಆ ಒಂದು ಸೀಟಿಗಾಗಿ ಅವರ ಮನೆಯವರು ಹಸು ಮಾರಿದ್ದರು.

ಆ ಹುಡುಗನಿಗೆ ಬೇಕಾಗಿದ್ದ ಔಷಧ ಬಹಳ ಅಗ್ಗದ್ದು. ಮೊದಲ ವಾರದಲ್ಲಿ ನಾಲ್ಕಾರು ಸಲ ನಡೆದಿದ್ದರೆ ಸಾಕಿತ್ತು. ಅಪರಿಚಿತ ಊರು ಕಣ್ಣಿಗೆ ಸಿಕ್ಕುವುದಕ್ಕೆ ಮುಂಚೆ ಕಾಲಿಗೆ ಸಿಕ್ಕಬೇಕು. ನಡೆದ ಊರು ನಮ್ಮದಾಗುತ್ತದೆ, ಬರೀ ವಾಹನದಲ್ಲಿ ಹಾದುಹೋದ ಊರು ಹತ್ತು ವರ್ಷವಾದರೂ ಪರಊರೇ.

ಹಾಗೆಂದು ಸುಮ್ಮನೆ ಅಲೆಯಿರಿ ಎಂದು ಹೇಳುತ್ತಿಲ್ಲ. ಪ್ರಯೋಗಾಲಯಕ್ಕೆ ಹೇಗೋ ಹಾಗೆ ಇದಕ್ಕೂ ಒಂದು ಕ್ರಮವಿದೆ. ನಾನು ಚೆನ್ನಾಗಿ ಬಲ್ಲ ಮೈಸೂರನ್ನೇ ಉದಾಹರಣೆಗೆ ಇಟ್ಟುಕೊಂಡು ಹೇಳುತ್ತೇನೆ. ಧಾರವಾಡ, ಮಂಗಳೂರು, ಬೆಂಗಳೂರು ಯಾವುದಕ್ಕಾದರೂ ನೀವೇ ಹೊಂದಿಸಿಕೊಳ್ಳಬಹುದು.

ಅಪ್ಪ ಹಿಂದೆ, ಮಗ ಮುಂದೆ

1988ರಲ್ಲಿ ನಾನು ಬಿಎಸ್ಸಿಗೆಂದು ಮೈಸೂರಿಗೆ ಹೋದಾಗ ಅಪ್ಪ ಜೊತೆಗೆ ಬಂದಿದ್ದರು. ಸಬರ್ಬ್ ಬಸ್ ನಿಲ್ದಾಣದಲ್ಲಿ ಇಳಿದ ಕೂಡಲೇ ಜಟಕಾದವರು, ಆಟೊದವರು ಮುತ್ತಿಕೊಂಡರು. ಅಪ್ಪ ಯಾರಿಗೂ ಸೊಪ್ಪು ಹಾಕಲಿಲ್ಲ. ಟ್ರಂಕನ್ನು ತಮ್ಮ ಹೆಗಲಿಗೇರಿಸಿಕೊಂಡು ನನಗೆ ಹೇಳಿದರು: ‘ನಾನು ಸಂಜೆ ಬಸ್ಸಿಗೆ ಊರಿಗೆ ಹೋಗೋನು. ದಾರಿ ಬೇಕಾಗಿರೋದು ನಿನಗೆ. ನೀನು ಮುಂದೆ ನಡಿ, ನಾನು ಹಿಂದೆ ಬರ್ತೀನಿ.’ ದಾರಿಯುದ್ದಕ್ಕೂ ಕೇಳಿದವನು ನಾನು, ತಿರುಗಿದವನು ನಾನು, ಎಲ್ಲಿ ರಸ್ತೆ ದಾಟಬೇಕೆಂದು ನಿರ್ಧರಿಸಿದವನೂ ನಾನು. ಹೆಬ್ಬೆಟ್ಟು ಒತ್ತುತ್ತಿದ್ದ ಅಪ್ಪನಿಗೆ ಶಿಕ್ಷಣಶಾಸ್ತ್ರ ಗೊತ್ತಿರಲಿಲ್ಲ. ಮುಂದೆ ಬಿಎಡ್ ಓದುವಾಗ ‘ಮಾಡಿ ಕಲಿ’ ಎಂಬ ತತ್ವವನ್ನು ಪುಟಗಟ್ಟಲೆ ಓದಿದೆ. ಅದನ್ನು ಅಪ್ಪ ಇರ್ವಿನ್ ರಸ್ತೆಯಲ್ಲೇ ಕಲಿಸಿದ್ದರು.

ಪಾಲಕರಿಗೆ ನನ್ನ ಮೊದಲ ಸೂಚನೆ ಇದೇ. ಮಗುವನ್ನು ಬಿಡಲು ಹೋಗುವಾಗ ಒಂದು ದಿನ ಮುಂಚೆ ಹೋಗಿ. ಸಾಮಾನು ಇಟ್ಟ ಮೇಲೆ ನೀವು ಹಿಂದೆ ನಡೆಯಿರಿ, ಮಗು ಮುಂದೆ ನಡೆಯಲಿ. ತಪ್ಪು ತಿರುವು ತೆಗೆದುಕೊಂಡರೂ ಅಪಾಯವಿಲ್ಲದಿದ್ದರೆ ಬಾಯಿ ಬಿಡಬೇಡಿ. ತಾನೇ ತಪ್ಪಿ ತಾನೇ ಸರಿಪಡಿಸಿಕೊಂಡ ದಾರಿ ಜನ್ಮದಲ್ಲಿ ಮರೆಯುವುದಿಲ್ಲ.

ಮೊದಲು ದಿಕ್ಕು, ಆಮೇಲೆ ದಾರಿ

ಹೊಸ ಊರಿನಲ್ಲಿ ಎಲ್ಲರೂ ಮೊದಲು ದಾರಿ ಕೇಳುತ್ತಾರೆ. ನಾನು ಮೊದಲು ದಿಕ್ಕು ಹುಡುಕಿ ಎನ್ನುತ್ತೇನೆ. ಉಳಿದುಕೊಂಡ ಕಟ್ಟಡದ ಮಹಡಿ ಹತ್ತಿ ಸುತ್ತ ನೋಡಿ, ದೂರದಿಂದ ಕಾಣುವ ಎರಡು ಮೂರು ಗುರುತು ಹಿಡಿಯಿರಿ. ಮೈಸೂರಿನಲ್ಲಿ ಈ ಕೆಲಸ ಸುಲಭ. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರವಿರುವ ಚಾಮುಂಡಿ ಬೆಟ್ಟ ಅರಮನೆಯಿಂದ ಆಗ್ನೇಯಕ್ಕಿದೆ. ಅರಮನೆಗೆ ಉತ್ತರದ ಕಡೆ, ಅಶೋಕ ರಸ್ತೆಯಲ್ಲಿ, ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರಗಳು 175 ಅಡಿ ಎತ್ತರಕ್ಕೆ ನಿಂತಿವೆ. ಬೆಟ್ಟ ಒಂದು ಕಡೆ, ಗೋಪುರ ಇನ್ನೊಂದು ಕಡೆ ಕಂಡರೆ ನೀವು ನಡುವೆ ಎಲ್ಲಿದ್ದೀರಿ ಎಂದು ಊಹಿಸಬಹುದು. ಭೂಮಾಪನ ಮಾಡುವವರು ತ್ರಿಕೋನ ಕಟ್ಟಿ ಜಾಗ ಗುರುತಿಸುವುದೂ ಇದೇ ತತ್ವದ ಮೇಲೆ.

ಸೂರ್ಯನನ್ನು ನೋಡಿ ದಿಕ್ಕು ಹೇಳಲು ಎಲ್ಲರೂ ಮೂರನೇ ತರಗತಿಯಲ್ಲಿ ಕಲಿತಿದ್ದೇವೆ. ಆದರೆ ಕಾಲೇಜು ಶುರುವಾಗುವ ತಿಂಗಳುಗಳಲ್ಲಿ ಸ್ವಲ್ಪ ಎಚ್ಚರ ಬೇಕು. ಜೂನ್‌ನಲ್ಲಿ ಮೈಸೂರಿನಲ್ಲಿ ಸೂರ್ಯ ಹುಟ್ಟುವುದು ನೇರ ಪೂರ್ವದಲ್ಲಲ್ಲ, ಸುಮಾರು 24 ಡಿಗ್ರಿ ಉತ್ತರಕ್ಕೆ ಸರಿದು. ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕಿರುತ್ತಾನೆ ಎಂಬುದೂ ಆಗ ನಡೆಯುವುದಿಲ್ಲ. ಏಪ್ರಿಲ್ 23ರ ಆಸುಪಾಸಿನಿಂದ ಆಗಸ್ಟ್ 20ರ ಆಸುಪಾಸಿನವರೆಗೆ ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಅದೂ ಗಡಿಯಾರದ 12 ಗಂಟೆಗಲ್ಲ, ಮೈಸೂರಿನಲ್ಲಿ ಸೂರ್ಯ ಅತಿ ಎತ್ತರಕ್ಕೆ ಬರುವುದು 12 ಗಂಟೆ 20 ನಿಮಿಷದ ಸುಮಾರಿಗೆ. ಆದ್ದರಿಂದ ಬೆಳಿಗ್ಗೆ ಒಂಬತ್ತರೊಳಗೆ, ಇಲ್ಲವೇ ಸಂಜೆ ನಾಲ್ಕರ ಮೇಲೆ ಸೂರ್ಯನನ್ನು ನಂಬಿ. ಮಧ್ಯಾಹ್ನ ಅವನನ್ನು ದಾರಿ ಕೇಳಬೇಡಿ, ನೆರಳಿಗೆ ಹೋಗಿ ಕೂರಿ.

ಮೋಡ ಕವಿದಿದ್ದರೆ? ಆಗ ಮನೆಗಳ ಮಾಳಿಗೆಯ ಮೇಲಿರುವ ಟಿವಿ ಡಿಶ್‌ಗಳನ್ನು ನೋಡಿ. ಪ್ರಸಾರದ ಉಪಗ್ರಹಗಳು ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ನೆಲದಿಂದ ನೋಡಿದರೆ ಕದಲದೆ ನಿಂತಂತೆ ಇರುತ್ತವೆ. ಸಮಭಾಜಕ ವೃತ್ತ ನಮಗೆ ದಕ್ಷಿಣಕ್ಕಿದೆ. ನಮ್ಮ ಮನೆಗಳಿಗೆ ಟಿವಿ ತರುವ ಉಪಗ್ರಹಗಳು ನಾವಿರುವ ರೇಖಾಂಶಕ್ಕಿಂತ ಪೂರ್ವಕ್ಕಿವೆ. ಹೀಗಾಗಿ ಮೈಸೂರಿನ ಡಿಶ್‌ಗಳೆಲ್ಲ ಹೆಚ್ಚುಕಡಿಮೆ ಆಗ್ನೇಯಕ್ಕೆ, ಅಂದರೆ ದಕ್ಷಿಣ ಮತ್ತು ಪೂರ್ವದ ನಡುವೆ ಎಲ್ಲೋ ಒಂದು ಕಡೆಗೆ ಮುಖ ಮಾಡಿರುತ್ತವೆ. ಒಂದು ಕಂಪನಿಯದು ದಕ್ಷಿಣಕ್ಕೆ ಹತ್ತಿರ, ಇನ್ನೊಂದರದು ಪೂರ್ವಕ್ಕೆ ಹತ್ತಿರ. ಯಾವುದೂ ಉತ್ತರಕ್ಕೆ ತಿರುಗಿರುವುದಿಲ್ಲ. ದೇವಸ್ಥಾನಗಳು ಬಹುಮಟ್ಟಿಗೆ ಪೂರ್ವಕ್ಕೆ ಮುಖ ಮಾಡಿರುತ್ತವೆ. ಮಸೀದಿಯಲ್ಲಿ ನಮಾಜು ಮಾಡುವವರು ನಮ್ಮ ಕಡೆ ಪಶ್ಚಿಮಕ್ಕೆ ತಿರುಗಿ ನಿಲ್ಲುತ್ತಾರೆ. ಹೀಗೆ ಊರೇ ಒಂದು ದಿಕ್ಸೂಚಿ, ಓದಲು ಬರಬೇಕು ಅಷ್ಟೆ.

ಮೂರು ದಿನದ ಪಾಠ

ಮೊದಲ ದಿನ ದೂರ ಹೋಗಬೇಡಿ. ಉಳಿದುಕೊಂಡ ಜಾಗದಿಂದ ನಾಲ್ಕು ದಿಕ್ಕಿಗೂ ಹತ್ತು ಹತ್ತು ನಿಮಿಷ ನಡೆದು ವಾಪಸ್ ಬನ್ನಿ. ಮೆಡಿಕಲ್ ಸ್ಟೋರ್, ಆಸ್ಪತ್ರೆ, ಪೊಲೀಸ್ ಠಾಣೆ, ಜೆರಾಕ್ಸ್ ಅಂಗಡಿ, ಬಸ್ ನಿಲ್ಲುವ ಜಾಗ, ರಾತ್ರಿ ತಡವಾಗಿ ಮುಚ್ಚುವ ಅಂಗಡಿ ಎಲ್ಲಿವೆ ಎಂದು ಗುರುತು ಹಾಕಿಕೊಳ್ಳಿ. ಜ್ವರ ಬಂದ ರಾತ್ರಿ ನೆನಪಿಗೆ ಬರಬೇಕಾದವು ಇವೇ.

ಎರಡನೇ ದಿನ ಊರಿನ ನಡುಭಾಗವನ್ನು ಒಂದು ಸುತ್ತು ಹಾಕಿ. ಮೈಸೂರಿನಲ್ಲಾದರೆ ರೈಲು ನಿಲ್ದಾಣದಿಂದ ಹೊರಟು ಇರ್ವಿನ್ ರಸ್ತೆ ಹಿಡಿದು ಸಬರ್ಬ್ ಬಸ್ ನಿಲ್ದಾಣ, ಅಲ್ಲಿಂದ ದೊಡ್ಡ ಗಡಿಯಾರ, ಕೆ.ಆರ್. ವೃತ್ತ, ದೇವರಾಜ ಅರಸು ರಸ್ತೆಯಲ್ಲಿ ಪಶ್ಚಿಮಕ್ಕೆ ನಡೆದು ಮತ್ತೆ ರೈಲು ನಿಲ್ದಾಣ. ಇಡೀ ಸುತ್ತು ನಾಲ್ಕೈದು ಕಿಲೋಮೀಟರ್. ನಿಂತು ನೋಡಿಕೊಂಡು ಹೋದರೂ ಒಂದು ಬೆಳಗಿನ ಕೆಲಸ. ಹೋದ ದಾರಿಯಲ್ಲೇ ವಾಪಸ್ ಬಂದರೆ ಒಂದು ಗೆರೆ ಕಲಿತಂತಾಗುತ್ತದೆ, ಸುತ್ತು ಹಾಕಿ ಬಂದರೆ ಒಂದು ಪ್ರದೇಶವೇ ಕಲಿತಂತಾಗುತ್ತದೆ.

ಒಂದು ಎಚ್ಚರಿಕೆ. ಮೈಸೂರಿನಲ್ಲಿ ದೊಡ್ಡ ಗಡಿಯಾರ ಬೇರೆ, ಚಿಕ್ಕ ಗಡಿಯಾರ ಬೇರೆ. ಪುರಭವನದ ಬಳಿಯ ದೊಡ್ಡ ಗಡಿಯಾರವನ್ನು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಕಟ್ಟಿದ್ದು. ಅದರ ಮುಖದ ಮೇಲೆ ಕನ್ನಡ ಅಂಕಿಗಳಿವೆ. ಚಿಕ್ಕ ಗಡಿಯಾರ ದೇವರಾಜ ಮಾರುಕಟ್ಟೆಯ ಎದುರಿಗಿದೆ. ಎರಡರ ನಡುವೆ ಹತ್ತು ನಿಮಿಷದ ನಡಿಗೆಯೂ ಇಲ್ಲ. ‘ಗಡಿಯಾರದ ಹತ್ತಿರ ಸಿಗೋಣ’ ಎಂದು ಗೆಳೆಯರು ಹೇಳಿದರೆ ಯಾವುದು ಎಂದು ಕೇಳಿಕೊಳ್ಳಿ. ಪ್ರತಿ ಊರಿನಲ್ಲೂ ಇಂಥ ಅವಳಿ ಹೆಸರುಗಳಿರುತ್ತವೆ.

ಮೂರನೇ ದಿನ ಅದೇ ದಾರಿಯನ್ನು ಸಂಜೆ ನಡೆಯಿರಿ, ಒಬ್ಬರೇ ಬೇಡ, ಜೊತೆಗೊಬ್ಬರಿರಲಿ. ಹಗಲಿನ ಊರೇ ಬೇರೆ, ದೀಪ ಹತ್ತಿದ ಮೇಲಿನ ಊರೇ ಬೇರೆ. ಯಾವ ರಸ್ತೆಯಲ್ಲಿ ಬೆಳಕಿದೆ, ಯಾವ ಅಡ್ಡರಸ್ತೆ ಏಳಕ್ಕೇ ನಿರ್ಜನವಾಗುತ್ತದೆ ಎಂಬುದನ್ನು ನೋಡಿ ತಿಳಿಯಬೇಕೇ ಹೊರತು ಯಾವ ನಕ್ಷೆಯೂ ಹೇಳುವುದಿಲ್ಲ.

ನಡೆಯುವಾಗ ಒಂದು ಅಭ್ಯಾಸ ರೂಢಿಸಿಕೊಳ್ಳಿ. ಪ್ರತಿ ವೃತ್ತದಲ್ಲಿ, ಪ್ರತಿ ತಿರುವಿನಲ್ಲಿ ಒಮ್ಮೆ ನಿಂತು ಹಿಂತಿರುಗಿ ನೋಡಿ. ಹೋಗುವಾಗ ಕಂಡ ರಸ್ತೆ ಬರುವಾಗ ಹಾಗೆ ಕಾಣುವುದಿಲ್ಲ, ಬೋರ್ಡುಗಳು, ಮರಗಳು ಎಲ್ಲವೂ ಬೆನ್ನು ತಿರುಗಿಸಿರುತ್ತವೆ. ಮೈಸೂರಿನಂತೆ ವೃತ್ತಗಳು ಹೆಚ್ಚಿರುವ ಊರಿನಲ್ಲಂತೂ ಒಂದು ಸುತ್ತು ತಿರುಗುವಷ್ಟರಲ್ಲಿ ಬಂದ ರಸ್ತೆ ಯಾವುದೆಂಬುದೇ ಮರೆಯುತ್ತದೆ. ವಾಪಸ್ ಬರುವಾಗ ಏನು ಕಾಣುತ್ತದೆಯೋ ಅದನ್ನು ಹೋಗುವಾಗಲೇ ನೋಡಿಟ್ಟುಕೊಂಡವರು ಕಂಗೆಡುವುದಿಲ್ಲ.

ಹೆಜ್ಜೆಯ ಅಳತೆಗೋಲು

ವಿಜ್ಞಾನದಲ್ಲಿ ಅಳತೆ ಇಲ್ಲದೆ ಮಾತಿಲ್ಲ. ಊರಿನ ಶಾಲೆಯ ಮೈದಾನದಲ್ಲಿ 100 ಮೀಟರ್ ಗುರುತು ಹಾಕಿ ನಿಮ್ಮ ಸಹಜ ನಡಿಗೆಯಲ್ಲಿ ಎಷ್ಟು ಹೆಜ್ಜೆ ಆಗುತ್ತದೆ ಎಂದು ಎಣಿಸಿ. ಹೆಜ್ಜೆ 70 ಸೆಂಟಿಮೀಟರ್ ಇದ್ದರೆ 143 ಹೆಜ್ಜೆ ಆಗಬೇಕು. ನಿಮಿಷಕ್ಕೆ ಎಷ್ಟು ಹೆಜ್ಜೆ ಎಂಬುದನ್ನೂ ನೋಡಿಕೊಳ್ಳಿ. ಸಾಮಾನ್ಯವಾಗಿ ಒಂದು ಕಿಲೋಮೀಟರಿಗೆ 12ರಿಂದ 15 ನಿಮಿಷ ಹಿಡಿಯುತ್ತದೆ. ಈ ಲೆಕ್ಕ ಕೈಯಲ್ಲಿದ್ದರೆ ‘ಇಲ್ಲೇ ಹತ್ರ’ ಎಂಬ ಮಾತಿನ ತೂಕ ಗೊತ್ತಾಗುತ್ತದೆ. ನಮ್ಮ ಜನ ಒಂದು ಫರ್ಲಾಂಗಿಗೂ ‘ಹತ್ರ’ ಎನ್ನುತ್ತಾರೆ, ಮೂರು ಮೈಲಿಗೂ ‘ಹತ್ರ’ ಎನ್ನುತ್ತಾರೆ. ಇಪ್ಪತ್ತು ನಿಮಿಷದ ದಾರಿಗೆ ಆಟೊದವರು ಹೇಳುವ ಬಾಡಿಗೆ ನ್ಯಾಯವೋ ಅನ್ಯಾಯವೋ ಎಂಬುದೂ ಇದರಿಂದಲೇ ತಿಳಿಯುತ್ತದೆ.

ಕೇಳುವುದೂ ಒಂದು ವಿದ್ಯೆ

ದಾರಿ ಕೇಳುವಾಗ ‘ರೈಲ್ವೆ ಸ್ಟೇಷನ್‌ಗೆ ಇದೇ ದಾರಿ ಅಲ್ವಾ?’ ಎಂದು ಕೇಳಬೇಡಿ. ಮರ್ಯಾದಸ್ಥರು ‘ಹೌದು’ ಎಂದುಬಿಡುತ್ತಾರೆ. ಉತ್ತರವನ್ನು ಒಳಗಿಟ್ಟುಕೊಂಡ ಪ್ರಶ್ನೆಗೆ ಸರಿಯಾದ ಉತ್ತರ ಬರುವುದಿಲ್ಲ ಎಂದು ತರಗತಿಯಲ್ಲಿ ನಾನು ಮತ್ತೆ ಮತ್ತೆ ಹೇಳುವುದುಂಟು. ‘ಸ್ಟೇಷನ್ ಯಾವ ಕಡೆ?’ ಎಂದು ಕೇಳಿ, ಅವರೇ ಕೈ ತೋರಿಸಲಿ. ದಾರಿಹೋಕರಿಗಿಂತ ಒಂದೇ ಕಡೆ ಕೂತು ಕೆಲಸ ಮಾಡುವವರನ್ನು ಕೇಳುವುದು ಮೇಲು: ಹೂ ಮಾರುವವರು, ಚಪ್ಪಲಿ ಹೊಲಿಯುವವರು, ಪೆಟ್ಟಿಗೆ ಅಂಗಡಿಯವರು. ಅವರಿಗೆ ಊರು ಗೊತ್ತು, ನಿಮ್ಮನ್ನು ಹಿಂಬಾಲಿಸಿ ಬರುವ ಬಿಡುವೂ ಅವರಿಗಿಲ್ಲ. ಇಬ್ಬರನ್ನು ಕೇಳಿ, ಉತ್ತರ ಹೊಂದಿಕೆಯಾಗದಿದ್ದರೆ ಮೂರನೆಯವರನ್ನು ಕೇಳಿ. ಪ್ರಯೋಗದಲ್ಲಿ ಒಂದೇ ಸಲ ಬಂದ ಅಳತೆಯನ್ನು ನಾವು ನಂಬುತ್ತೇವೆಯೇ?

‘ಈಗ ಎಲ್ಲರ ಕೈಯಲ್ಲೂ ಫೋನ್ ಇದೆಯಲ್ಲ, ಅದೇ ದಾರಿ ತೋರಿಸುತ್ತದಲ್ಲ ಸಾರ್?’ ಎಂದು ಮಕ್ಕಳು ಕೇಳುತ್ತಾರೆ. ತೋರಿಸುತ್ತದೆ, ಒಳ್ಳೆಯದೇ. ನಾನೂ ಬಳಸುತ್ತೇನೆ. ಆದರೆ ಫೋನಿನ ಚುಕ್ಕೆಯನ್ನೇ ನೋಡುತ್ತ ನಡೆದವನು ತಲುಪುತ್ತಾನೆ, ಕಲಿಯುವುದಿಲ್ಲ. ಕ್ಯಾಲ್ಕುಲೇಟರಿನಲ್ಲಿ ಗುಣಿಸಿದವನಿಗೆ ಮಗ್ಗಿ ಬರದ ಹಾಗೆ. ಹೊರಡುವ ಮೊದಲು ನಕ್ಷೆಯನ್ನು ಉತ್ತರ ಮೇಲಕ್ಕೆ ಇರುವಂತೆ ಇಟ್ಟುಕೊಂಡು ಐದು ನಿಮಿಷ ಓದಿ. ಆಮೇಲೆ ಫೋನ್ ಜೇಬಿಗೆ ಹೋಗಲಿ, ದಾರಿ ತಪ್ಪಿದಾಗ ಮಾತ್ರ ಹೊರಗೆ ಬರಲಿ. ವಾಪಸ್ ಬಂದ ಮೇಲೆ ಒಂದು ಹಾಳೆಯಲ್ಲಿ ನಡೆದ ದಾರಿಯ ಚಿತ್ರ ಬರೆಯಿರಿ. ಎಲ್ಲಿ ಪೆನ್ಸಿಲ್ ನಿಲ್ಲುತ್ತದೆಯೋ ಅಲ್ಲಿಗೆ ನಾಳೆ ಮತ್ತೆ ಹೋಗಬೇಕು ಎಂದರ್ಥ.

ಮೈಮೇಲೆ ಎಚ್ಚರವಿರಲಿ

ಹಾಸ್ಟೆಲ್ ವಿಳಾಸ, ಇಬ್ಬರ ಫೋನ್ ನಂಬರು ಬರೆದ ಚೀಟಿ ಜೇಬಿನಲ್ಲಿರಲಿ. ಬ್ಯಾಟರಿ ಸತ್ತ ಫೋನಿನೊಳಗಿನ ನಂಬರುಗಳಿಂದ ಪ್ರಯೋಜನವಿಲ್ಲ. ಹಣವನ್ನು ಎರಡು ಕಡೆ ಇಡಿ. ಹಳೆಯ, ಕಾಲಿಗೆ ಒಗ್ಗಿದ ಚಪ್ಪಲಿ ಅಥವಾ ಶೂ ಹಾಕಿ, ಹೊಸದನ್ನು ಹಾಕಿಕೊಂಡು ಊರು ನೋಡಲು ಹೊರಟವರು ಗುಳ್ಳೆ ನೋಡಿಕೊಂಡು ಬರುತ್ತಾರೆ. ನೀರಿನ ಬಾಟಲಿ, ಮಳೆಗಾಲದಲ್ಲಿ ಕೊಡೆ ಮರೆಯಬೇಡಿ. ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಬಲಬದಿಯಲ್ಲಿ ನಡೆಯಿರಿ, ಎದುರಿಗೆ ಬರುವ ವಾಹನ ಕಣ್ಣಿಗೆ ಕಾಣುತ್ತದೆ. ಮಳೆ ಬಂದು ನೀರು ನಿಂತಲ್ಲಿ ಕಾಲಿಡಬೇಡಿ, ಕೆಳಗೆ ಚಪ್ಪಡಿ ಇದೆಯೋ ಇಲ್ಲವೋ ಬಲ್ಲವರಾರು? ಬೀದಿನಾಯಿ ಬೊಗಳಿದರೆ ಓಡಬೇಡಿ.

ಹೆಣ್ಣುಮಕ್ಕಳ ವಿಷಯದಲ್ಲಿ ಪಾಲಕರ ಆತಂಕ ನನಗೆ ಗೊತ್ತು, ನಾನೂ ಹೆಣ್ಣುಮಗಳ ತಂದೆ. ಆದರೆ ಮನೆಯೊಳಗೆ ಕೂರಿಸುವುದರಿಂದ ಆತಂಕ ಕಡಿಮೆಯಾಗುವುದಿಲ್ಲ. ಯಾರೋ ಹಿಂಬಾಲಿಸುತ್ತಿದ್ದಾರೆ ಎನಿಸಿದಾಗ ಎಡಕ್ಕೆ ತಿರುಗಿದರೆ ಜನರಿರುವ ಮೆಡಿಕಲ್ ಸ್ಟೋರ್ ಇದೆ, ಬಲಕ್ಕೆ ತಿರುಗಿದರೆ ಖಾಲಿ ಗೋಡೆ ಇದೆ ಎಂದು ಗೊತ್ತಿರುವ ಹುಡುಗಿ, ಗೊತ್ತಿಲ್ಲದ ಹುಡುಗಿಗಿಂತ ಎಷ್ಟೋ ಪಾಲು ಸುರಕ್ಷಿತಳು. 112 ಎಂಬ ತುರ್ತು ಸಂಖ್ಯೆ ಬಾಯಿಪಾಠವಿರಲಿ. ಎಲ್ಲಿಗೆ ಹೋಗುತ್ತೇನೆ, ಎಷ್ಟು ಹೊತ್ತಿಗೆ ಬರುತ್ತೇನೆ ಎಂದು ಒಬ್ಬರಿಗಾದರೂ ಹೇಳಿ ಹೊರಡುವ ಅಭ್ಯಾಸ ಗಂಡುಮಕ್ಕಳಿಗೂ ಇರಲಿ.

ಕಳೆದ ವರ್ಷ ನಮ್ಮ ಊರಿನ ಒಬ್ಬ ಹುಡುಗಿಗೆ ಮೈಸೂರಿನಲ್ಲಿ ಸೀಟು ಸಿಕ್ಕಿತು. ತಂದೆಗೆ ಒಪ್ಪಿಗೆಯಿರಲಿಲ್ಲ, ಇಲ್ಲೇ ತಾಲ್ಲೂಕಿನಲ್ಲಿ ಓದಲಿ ಎಂಬುದು ಅವರ ಹಟ. ತಾಯಿ ನಮ್ಮ ಮನೆಗೆ ಬಂದು, ‘ಅವಳಿಗೆ ಆಸೆ ಇದೆ, ನಂಗೆ ಭಯ ಇದೆ, ಏನ್ಮಾಡ್ಲಿ ಮೇಷ್ಟ್ರೇ?’ ಎಂದರು. ಅವರು ಮೈಸೂರು ನೋಡಿದ್ದು ಒಮ್ಮೆ ದಸರೆಯ ನೂಕುನುಗ್ಗಲಿನಲ್ಲಿ ಮಾತ್ರ. ಕಾಲೇಜು ಶುರುವಾಗುವ ಎರಡು ದಿನ ಮುಂಚೆ ಹೋಗಿ ಮಗಳ ಹಿಂದೆ ನಡೆಯಿರಿ ಎಂದು ಹೇಳಿ, ಮೇಲೆ ಬರೆದ ಸುತ್ತನ್ನೇ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ತಾಯಿ ಮಗಳು ಇಬ್ಬರೂ ನಡೆದರು. ಮಾರುಕಟ್ಟೆಯ ಮಲ್ಲಿಗೆ ಸಾಲು, ವೀಳ್ಯದೆಲೆ ಸಾಲು, ಬಾಳೆಹಣ್ಣಿನ ಸಾಲು ಎಲ್ಲ ಸುತ್ತಿದರು. ಹದಿನೈದು ದಿನ ಕಳೆದು ಆ ತಾಯಿ ಸಿಕ್ಕಾಗ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ: ‘ಈಗ ಅವಳು ಫೋನ್ ಮಾಡಿ ದೊಡ್ಡ ಗಡಿಯಾರದ ಹತ್ರ ಇದೀನಿ ಅಂದ್ರೆ ನಂಗೆ ಇಲ್ಲಿಂದ್ಲೇ ಕಣ್ಣಿಗೆ ಕಟ್ಟುತ್ತೆ. ಮೊದ್ಲು ಮೈಸೂರು ಅಂದ್ರೆ ಬರೀ ಕತ್ತಲೆ ಕಾಣೋದು ಮೇಷ್ಟ್ರೇ.’

ನಮ್ಮ ಭಯಗಳ ದೊಡ್ಡ ಪಾಲು ಹೀಗೆ ಕಾಣದ ಜಾಗಗಳ ಭಯವೇ. ನಡಿಗೆ ಮಗುವಿಗೆ ದಾರಿ ಕಲಿಸುವುದಷ್ಟೇ ಅಲ್ಲ, ಹಿಂದೆ ಉಳಿಯುವವರ ಮನಸ್ಸಿನ ಕತ್ತಲೆಗೂ ಒಂದು ದೀಪ ಹಚ್ಚುತ್ತದೆ. ಆ ಹುಡುಗಿ ಈಗ ರಜೆಗೆ ಬಂದಾಗ ತಂದೆಗೇ ಮೈಸೂರಿನ ದಾರಿ ಹೇಳಿಕೊಡುತ್ತಾಳೆ. ತಂದೆಯೂ ಬಿಗುಮಾನ ಬಿಟ್ಟು ಕೇಳಿಸಿಕೊಳ್ಳುತ್ತಾರೆ.

ದೇಶ ಸುತ್ತಿ ನೋಡು, ಕೋಶ ಓದಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಕೋಶ ಓದಲು ಮಕ್ಕಳಿಗೆ ನಾವು ಲಕ್ಷಗಟ್ಟಲೆ ಖರ್ಚು ಮಾಡುತ್ತೇವೆ, ಸುತ್ತಲು ಎರಡು ದಿನ ಕೊಡುವುದಿಲ್ಲ. ಈ ಸಲ ಮಗುವನ್ನು ಕಾಲೇಜಿಗೆ ಕಳಿಸುವಾಗ ಹಾಸಿಗೆ, ಬಕೆಟ್ಟು, ಉಪ್ಪಿನಕಾಯಿ ಡಬ್ಬಿಗಳ ಜೊತೆಗೆ ನಿಮ್ಮ ಎರಡು ದಿನಗಳನ್ನೂ ಕಟ್ಟಿಕೊಂಡು ಹೋಗಿ. ಮಗುವನ್ನು ಮುಂದೆ ಬಿಟ್ಟು ನೀವು ನಾಲ್ಕು ಹೆಜ್ಜೆ ಹಿಂದೆ ನಡೆಯಿರಿ.